ಸೈರನ್ ಕೂಗಿದ ಮರುದಿನ ಹಾಲು ಬರುತ್ತಾ?

ಬಸವನಗುಡಿಯ ಒಂದು ಸಣ್ಣ ಓದುಗರ ಕೂಟದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ನನ್ನ ಕೆಮ್ಮು, ಮೈಕಿನ ಕಿರಿಕಿರಿ ಎರಡನ್ನೂ ತೆಗೆದು, ಉಳಿದದ್ದನ್ನು ಹೆಚ್ಚುಕಮ್ಮಿ ಹಾಗೇ ಬರೆದಿದ್ದೇನೆ.

ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ.

ಪರದೆ ಮೇಲಿನ ಫೋಟೋ ನೋಡಿ. ಲಂಡನ್, 1940ರ ಅಕ್ಟೋಬರ್. ರಾತ್ರಿ ಬಾಂಬ್ ಬಿದ್ದು ಇಡೀ ಬೀದಿ ಇಟ್ಟಿಗೆ ರಾಶಿಯಾಗಿದೆ. ಹಿಂದುಗಡೆ ಫೈರ್ ಬ್ರಿಗೇಡಿನವರು ಪೈಪು ಹಿಡಿದು ನಿಂತಿದ್ದಾರೆ. ಮುಂದುಗಡೆ ಬಿಳಿ ಕೋಟಿನ ಹಾಲಿನವನೊಬ್ಬ ಬಾಟಲಿಗಳ ಕ್ರೇಟು ಹಿಡಿದುಕೊಂಡು, ಆ ರಾಶಿಯ ಮೇಲೆ ಜೋಪಾನವಾಗಿ ಹೆಜ್ಜೆ ಇಡುತ್ತಾ ಬರುತ್ತಿದ್ದಾನೆ. ಮುಖದಲ್ಲಿ ಏನೂ ಆಗಿಲ್ಲವೇನೋ ಅನ್ನುವ ಹಾಗೆ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವನು. ಎರಡನೇ ಮಹಾಯುದ್ಧದ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಈ ಚಿತ್ರ ತೋರಿಸುತ್ತಿದ್ದೆ. "ನೋಡ್ರಪ್ಪ, ಬಾಂಬ್ ಬಿದ್ದರೂ ಹಾಲು ನಿಲ್ಲಲಿಲ್ಲ, ಜನ ಅಂದ್ರೆ ಹೀಗಿರಬೇಕು" ಅಂತ ಜೋರಾಗಿ ಹೇಳುತ್ತಿದ್ದೆ. ರಿಟೈರ್ ಆದ ಮೇಲೆ ಗೊತ್ತಾಯಿತು, ಅವನು ಹಾಲಿನವನೇ ಅಲ್ಲವಂತೆ! ಫ್ರೆಡ್ ಮಾರ್ಲಿ ಅನ್ನುವ ಫೋಟೋಗ್ರಾಫರ್ ಒಬ್ಬ ಹಾಲಿನವನ ಹತ್ತಿರ ಕೋಟು, ಕ್ರೇಟು ಇಸಕೊಂಡು, ತನ್ನ ಸಹಾಯಕನಿಗೆ ಹಾಕಿಸಿ ನಡೆಸಿದ್ದು. ಬರೀ ಹಾಳುಬಿದ್ದ ಬೀದಿ ತೋರಿಸಿದರೆ ಸೆನ್ಸಾರಿನವರು ತಡೆಯುತ್ತಿದ್ದರು. ಹಾಲಿನವನು ಇದ್ದರೆ ಪಾಸು.

ನಾಚಿಕೆ ಆಯಿತು, ನಿಜ. ಆಮೇಲೆ ಯೋಚಿಸಿದೆ. ಸುಳ್ಳು ಹೇಳಲು ಹೊರಟವನು ಹಾಲಿನವನನ್ನೇ ಯಾಕೆ ಹುಡುಕಿದ? ಸಿಪಾಯಿಯನ್ನು ನಿಲ್ಲಿಸಬಹುದಿತ್ತು, ಬಾವುಟ ನೆಡಬಹುದಿತ್ತು. ಬೆಳಿಗ್ಗೆ ಎದ್ದವರ ತಲೆಯಲ್ಲಿ ಇರುವ ಮೊದಲ ಪ್ರಶ್ನೆ ಯಾವುದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಅದು ಗೊತ್ತಾಗಿದ್ದು 2025ರ ಮೇ 7ರಂದು. ದೇಶದ ತುಂಬ 'ಆಪರೇಷನ್ ಅಭ್ಯಾಸ್' ಅಂತ ಅಣಕು ಕವಾಯತು ನಡೆಯಿತಲ್ಲ, ಹಲಸೂರಿನ ನಾಗರಿಕ ರಕ್ಷಣಾ ಕಚೇರಿಯಲ್ಲೂ ಆಯಿತು. ನಾನು ಆಗ ಬಸ್ ಸ್ಟಾಪಿನಲ್ಲಿದ್ದೆ. ದೂರದಲ್ಲಿ ಏನೋ ಕೂಗಿದ ಹಾಗಾಯಿತು. ಪಕ್ಕದವರು "ಯಾವ್ದೋ ಆಂಬುಲೆನ್ಸು" ಅಂದರು. ಅಷ್ಟೇ, ಬಸ್ ಬಂತು, ಹತ್ತಿದೆವು. ಸಂಜೆ ಮನೆಗೆ ಬಂದಾಗ ಎದುರು ಮನೆಯ ಅಮ್ಮ ಗೇಟಿನಲ್ಲೇ ಹಿಡಿದುಕೊಂಡರು. "ಮೇಷ್ಟ್ರೇ, ಯುದ್ಧ ಆದ್ರೆ ನಾಳೆ ಹಾಲು ಬರುತ್ತಾ? ನೀರಿನ ಟ್ಯಾಂಕರ್‌ಗೆ ಈಗ್ಲೇ ಹೇಳಿಬಿಡ್ಲಾ?" ನಾನು ನಕ್ಕುಬಿಟ್ಟೆ. ನಗಬಾರದಿತ್ತು. ದೊಡ್ಡ ದೊಡ್ಡವರಿಗೆ ಹೊಳೆಯದ ಪ್ರಶ್ನೆ ಅದು.

ದೊಡ್ಡವರಿಗೆ ಏನು ಹೊಳೆದಿತ್ತು ಅಂತ ಕೇಳಿ. 1932ರಲ್ಲಿ ಬ್ರಿಟನ್ನಿನ ಹಿರಿಯ ಸಚಿವ ಸ್ಟ್ಯಾನ್ಲಿ ಬಾಲ್ಡ್‌ವಿನ್, ಬಾಂಬರ್ ವಿಮಾನ ಹೇಗಾದರೂ ನುಗ್ಗಿಯೇ ನುಗ್ಗುತ್ತದೆ ಅಂತ ಪಾರ್ಲಿಮೆಂಟಿನಲ್ಲಿ ಹೇಳಿದರು. ಅದಕ್ಕೂ ಮೊದಲು ಇಟಲಿಯ ಸೇನಾಧಿಕಾರಿ ಜೂಲಿಯೊ ದೂಹೆ, ಊರುಗಳ ಮೇಲೆ ಬಾಂಬ್ ಹಾಕಿದರೆ ಜನರ ಧೈರ್ಯ ಕುಸಿದು ಸರ್ಕಾರಗಳು ತಾವೇ ಮಂಡಿಯೂರುತ್ತವೆ ಎಂದು ಬರೆದಿದ್ದ. ಹೀಗಾಗಿ ಎಲ್ಲರ ಲೆಕ್ಕವೂ ಒಂದೇ: ಜನ ಹುಚ್ಚರಾಗುತ್ತಾರೆ, ಬೀದಿಗೆ ಬಂದು ಓಡುತ್ತಾರೆ. ಗಾಬರಿಯಾದವರಿಗೆ ಎಂದು ಆಸ್ಪತ್ರೆಗಳಲ್ಲಿ ಜಾಗ ಖಾಲಿ ಮಾಡಿಸಿಟ್ಟರು. ವಿಷಾನಿಲ ಬರುತ್ತದೆ ಅಂತ ಮೂರೂಮುಕ್ಕಾಲು ಕೋಟಿಗೂ ಹೆಚ್ಚು ಮುಖವಾಡ ಹಂಚಿದರು. ಊರುಗಳ ಮೇಲೆ ವಿಷಾನಿಲ ಬರಲೇ ಇಲ್ಲ. ಹುಚ್ಚು ಹಿಡಿದವರ ಸಾಲೂ ಬರಲಿಲ್ಲ. ಬಂದದ್ದು ನಿದ್ದೆಗೆಟ್ಟ ಜನ. ಅವರಿಗೆ ಮಲಗಲು ಜಾಗ ಬೇಕಿತ್ತು, ಕಕ್ಕಸು ಬೇಕಿತ್ತು, ಬೆಳಿಗ್ಗೆ ಒಂದು ಲೋಟ ಟೀ ಬೇಕಿತ್ತು. ಇದನ್ನು ಯಾರೂ ಲೆಕ್ಕ ಹಾಕಿರಲಿಲ್ಲ.

ನಮಗೆ ಹತ್ತಿರವಾದದ್ದು ಅಂದರೆ ಮೆಟ್ರೋ ಕಥೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1940ರ ಸೆಪ್ಟೆಂಬರ್ 7ರಂದು ಲಂಡನ್ ಮೇಲೆ ಜರ್ಮನ್ ವಿಮಾನಗಳ ದೊಡ್ಡ ದಾಳಿ ಶುರುವಾಯಿತು. ಅಲ್ಲಿಂದ ಸತತ 57 ರಾತ್ರಿ. ನೆಲದಡಿ ರೈಲ್ವೆ ನಿಲ್ದಾಣಗಳಲ್ಲಿ ಜನ ಮಲಗಬಾರದು ಅಂತ ಸರ್ಕಾರ ಮೊದಲೇ ಹೇಳಿತ್ತು. ಒಮ್ಮೆ ಇಳಿದವರು ಮತ್ತೆ ಮೇಲೆ ಬಂದು ಕೆಲಸಕ್ಕೆ ಹೋಗಲಾರರು ಅಂತ ಭಯ. ಜನ ಏನು ಮಾಡಿದರು? ಒಂದೂವರೆ ಪೆನ್ನಿ ಕೊಟ್ಟು ಟಿಕೆಟ್ ತಗೊಂಡರು. ಒಳಗೆ ಹೋದರು. ಆಚೆ ಬರಲಿಲ್ಲ. ಟಿಕೆಟ್ ತಗೊಂಡ ಪ್ರಯಾಣಿಕನನ್ನು ಯಾವ ಕಾನೂನಿನಲ್ಲಿ ಎಬ್ಬಿಸುತ್ತೀರಿ? ಸರ್ಕಾರವೇ ಸೋತು ಒಪ್ಪಿಕೊಂಡಿತು. ಸೆಪ್ಟೆಂಬರ್ 27ರ ರಾತ್ರಿ ಹಾಗೆ ಕೆಳಗೆ ಮಲಗಿದ್ದವರು 1,77,000 ಜನ.

ಈಗ ನಮ್ಮ ಮೆಜೆಸ್ಟಿಕ್ ನಿಲ್ದಾಣ ನೆನಪಿಸಿಕೊಳ್ಳಿ. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ವಿಧಾನಸೌಧ, ಎಲ್ಲ ನೆಲದಡಿಯವೇ. ಪ್ಲಾಟ್‌ಫಾರಮ್ಮಿನ ಮೇಲೆ ಚಾಪೆ ಹಾಸಿದ್ದೀರಿ. ಪಕ್ಕದಲ್ಲಿ ಗೊತ್ತಿಲ್ಲದ ಸಂಸಾರ. ರಾತ್ರಿ ಎರಡು ಗಂಟೆಗೆ ಮಗುವಿಗೆ ಒಂದಕ್ಕೆ ಬಂತು. ಎಲ್ಲಿಗೆ ಕರಕೊಂಡು ಹೋಗುತ್ತೀರಿ? ಲಂಡನ್ನಿನಲ್ಲಿ ಮೊದಲ ವಾರಗಳಲ್ಲಿ ಬಕೆಟ್ಟೇ ಗತಿ, ಅದಕ್ಕೊಂದು ಪರದೆ. ಜೊತೆಗೆ ಸೊಳ್ಳೆ, ಹೇನು. ಸೊಳ್ಳೆ ವಿಷಯದಲ್ಲಿ ನಮಗೆ ಅಭ್ಯಾಸ ಇದೆ ಬಿಡಿ.

ಕೆಳಗೂ ರೈಲು ಓಡಲೇಬೇಕಿತ್ತಲ್ಲ, ಅದಕ್ಕೆ ಎರಡು ಬಿಳಿ ಗೆರೆ ಎಳೆದರು. ಸಂಜೆ ಏಳೂವರೆವರೆಗೆ ಪ್ಲಾಟ್‌ಫಾರಮ್ಮಿನ ಅಂಚಿನಿಂದ 8 ಅಡಿ ಬಿಟ್ಟು ಮಲಗಬೇಕು. ಆಮೇಲೆ 4 ಅಡಿ. ಹತ್ತೂವರೆಗೆ ರೈಲು ಕಮ್ಮಿಯಾದ ಮೇಲೆ ಎಲ್ಲಿ ಬೇಕಾದರೂ ಚಾಚಿಕೊಳ್ಳಿ. ಜಾಗ ಹಿಡಿಯಲು ಬೆಳಿಗ್ಗೆಯಿಂದಲೇ ಮನೆಯ ಚಿಕ್ಕ ಮಕ್ಕಳನ್ನು ಕೂರಿಸುತ್ತಿದ್ದರು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಅದೇ. ಹಾಗೆ ಹಿಡಿದ ಜಾಗವನ್ನು ಎರಡೂವರೆ ಶಿಲಿಂಗಿಗೆ ಮಾರುವ ದಲ್ಲಾಳಿಗಳೂ ಹುಟ್ಟಿಕೊಂಡರು. ನನಗೇನೂ ಆಶ್ಚರ್ಯವಾಗಲಿಲ್ಲ.

ದಲ್ಲಾಳಿಗಳಿಗೆ ಕಡಿವಾಣ ಬಿದ್ದದ್ದು ಹೇಗೆ? ಭಾಷಣದಿಂದಲ್ಲ. ಜನ ತಾವೇ ಸಮಿತಿ ಮಾಡಿಕೊಂಡು ಕೂಗಾಡಿದ ಮೇಲೆ ಮೂರು ಅಂತಸ್ತಿನ ಮಂಚಗಳು ಬಂದವು, ಸೀಟಿಗೆ ಚೀಟಿ ಬಂತು, ಕಕ್ಕಸು ಬಂತು. ರೈಲಿನಲ್ಲೇ ಟೀ, ಬನ್ನು ತಂದು ಮಾರಿದರು. ಹೀಗೆ ಸಣ್ಣ ಸಣ್ಣ ಏರ್ಪಾಟುಗಳಿಂದ ಆ ಊರು ಜೀವ ಹಿಡಿದುಕೊಂಡಿತು. ಧೈರ್ಯದ ಮಾತು ಆಮೇಲೆ ಬರೆದದ್ದು.

ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೂ ಮಾರ್ಲಿಯ ಹಾಗೆ ಆಗುತ್ತೇನೆ. ಮೆಟ್ರೋ ಫೋಟೋ ನೋಡಿ ಲಂಡನ್ನೇ ಕೆಳಗೆ ಮಲಗಿತ್ತು ಅಂದುಕೊಳ್ಳುತ್ತೇವೆ. ಆ ವರ್ಷದ ನವೆಂಬರಿನಲ್ಲಿ ಎಣಿಸಿದಾಗ ನೆಲದಡಿ ನಿಲ್ದಾಣಗಳಲ್ಲಿ ಇದ್ದವರು ನೂರಕ್ಕೆ 4 ಜನ. ಸಾರ್ವಜನಿಕ ಆಶ್ರಯಗಳಲ್ಲಿ 9. ಮನೆಯ ಆಶ್ರಯಗಳಲ್ಲಿ 27. ಮಿಕ್ಕವರಲ್ಲಿ ರಾತ್ರಿ ಡ್ಯೂಟಿಯವರನ್ನು ಬಿಟ್ಟರೆ ಬಹುತೇಕ ಜನ ತಮ್ಮ ತಮ್ಮ ಹಾಸಿಗೆಯಲ್ಲೇ, ಮೆಟ್ಟಿಲ ಕೆಳಗೇ ಮಲಗಿದ್ದರು. ಬೇಜಾರು, ಸುಸ್ತು, "ಆದದ್ದಾಗಲಿ" ಅನ್ನುವ ಮನಸ್ಸು. ಆ ದಾಳಿಗಳಲ್ಲಿ ಬ್ರಿಟನ್ನಿನ 40 ಸಾವಿರಕ್ಕೂ ಜಾಸ್ತಿ ನಾಗರಿಕರು ಸತ್ತರು.

ಮನೆಯ ಆಶ್ರಯ ಅಂದೆನಲ್ಲ, ಅದರ ಹೆಸರು ಆಂಡರ್ಸನ್ ಶೆಲ್ಟರ್. ಬಾಗಿದ ತಗಡುಗಳನ್ನು ಬೋಲ್ಟ್ ಹಾಕಿ ಕೂಡಿಸಿ, ಹಿತ್ತಲಲ್ಲಿ 4 ಅಡಿ ಗುಂಡಿ ತೋಡಿ ಹೂಳುವುದು. ಮೇಲೆ ಮಣ್ಣು. ಕೆಲವರು ಆ ಮಣ್ಣಿನಲ್ಲಿ ತರಕಾರಿ ಬೆಳೆದರು. ಬಡವರಿಗೆ ಪುಕ್ಕಟೆ ಕೊಟ್ಟರು, ಆದರೆ ಬಡವರಿಗೆ ಹಿತ್ತಲೇ ಇರಲಿಲ್ಲ! ಇದ್ದವರ ಗುಂಡಿಯಲ್ಲಿ ಮಳೆನೀರು ನಿಂತಿತು. ನಮ್ಮ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಇನ್ನೊಂದು ಬಂತು, ಮಾರಿಸನ್ ಶೆಲ್ಟರ್. ಉಕ್ಕಿನ ಮೇಜು, ಸುತ್ತ ತಂತಿ ಬಲೆ. ಹಗಲು ಅದರ ಮೇಲೆ ಊಟ, ರಾತ್ರಿ ಅದರ ಕೆಳಗೆ ನಿದ್ದೆ. ಇಪ್ಪತ್ತು-ಮೂವತ್ತರ ಸೈಟಿನವರಿಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಈಗ ಬೆತ್ನಲ್ ಗ್ರೀನ್. ಲಂಡನ್ನಿನ ಪೂರ್ವದ ಬಡವರ ಬಡಾವಣೆ. ಅಲ್ಲಿ ಅರ್ಧ ಕಟ್ಟಿದ್ದ ನೆಲದಡಿ ನಿಲ್ದಾಣವನ್ನು ಆಶ್ರಯ ಮಾಡಿದ್ದರು. ಒಳಗೆ ಮಂಚ, ಗ್ರಂಥಾಲಯ ಎಲ್ಲ ಇತ್ತು. ಬಾಗಿಲು ಮಾತ್ರ ಒಂದೇ. ಒಂದು ಮೆಟ್ಟಿಲು ಸಾಲು, ಮಬ್ಬು ಬಲ್ಬು ಒಂದು, ಹಿಡಿದುಕೊಳ್ಳಲು ನಡುವೆ ಕಂಬಿ ಇಲ್ಲ. ಬಾಗಿಲನ್ನು ಭದ್ರ ಮಾಡಿಸಲು ದುಡ್ಡು ಕೊಡಿ ಅಂತ ಅಲ್ಲಿನ ಪುರಸಭೆ ಮೊದಲೇ ಬರೆದಿತ್ತು. ಮೇಲಿನವರು ಒಪ್ಪಲಿಲ್ಲ.

1943ರ ಮಾರ್ಚ್ 3ರ ರಾತ್ರಿ. ಮಳೆ ಬಿದ್ದು ಮೆಟ್ಟಿಲು ಒದ್ದೆ. ಸೈರನ್ ಕೂಗಿತು, ಜನ ಸಾಲಾಗಿ ಇಳಿಯುತ್ತಿದ್ದರು. ಹತ್ತಿರದ ಪಾರ್ಕಿನಿಂದ ಬ್ರಿಟನ್ನಿನದೇ ಹೊಸ ವಿಮಾನ ನಿರೋಧಕ ರಾಕೆಟ್‌ಗಳನ್ನು ಹಾರಿಸಿದರು. ಆ ಸದ್ದು ಯಾರಿಗೂ ಪರಿಚಯ ಇರಲಿಲ್ಲ. ಹಿಂದಿದ್ದವರು ಬಾಂಬೇ ಬಿತ್ತು ಅಂತ ಮುಂದಕ್ಕೆ ಒತ್ತಿದರು. ಕೆಳಗಿನ ಮೆಟ್ಟಿಲಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬರು ಮುಗ್ಗರಿಸಿದರು. ಅವರ ಮೇಲೆ ಇನ್ನೊಬ್ಬರು. ಸ್ವಲ್ಪ ಹೊತ್ತಿನಲ್ಲೇ ಆ ಮೆಟ್ಟಿಲುಗಳಲ್ಲಿ ನೂರಾರು ಜನ ಸಿಕ್ಕಿಕೊಂಡರು. ಸತ್ತವರು 173. ಅವರಲ್ಲಿ 62 ಮಕ್ಕಳು. ಆ ರಾತ್ರಿ ಆ ಬಡಾವಣೆ ಮೇಲೆ ಒಂದು ಬಾಂಬೂ ಬೀಳಲಿಲ್ಲ. ಆಮೇಲೆ ನಡುವೆ ಕಂಬಿ ಹಾಕಿಸಿದರು. ತನಿಖೆಯ ವರದಿಯನ್ನು ಬಹಳ ಕಾಲ ಹೊರಗೆ ಬಿಡಲಿಲ್ಲ.

ನೀವೆಲ್ಲ ಯಾವುದನ್ನು ನೆನೆಸಿಕೊಳ್ಳುತ್ತಿದ್ದೀರಿ ಅಂತ ಗೊತ್ತು. 2025ರ ಜೂನ್ 4, ಕ್ರಿಕೆಟ್ ಗೆಲುವಿನ ಸಂಭ್ರಮ, ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ. ಅದೂ ಯುದ್ಧವಲ್ಲ, ಸೈರನ್ನೂ ಇರಲಿಲ್ಲ. ನಾನು ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ.

ಕತ್ತಲೆ ವಿಷಯಕ್ಕೆ ಬರೋಣ. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಹೊತ್ತಿಸಿಕೊಂಡ ಊರು ನಮ್ಮದು. ಅದರ ಹೆಮ್ಮೆ ನಮಗಿದೆ. ಯುದ್ಧ ಬಂದರೆ ಮೊದಲ ಅಪ್ಪಣೆಯೇ ದೀಪ ಆರಿಸಿ ಅನ್ನುವುದು. ಬ್ರಿಟನ್ನಿನಲ್ಲಿ 1939ರ ಸೆಪ್ಟೆಂಬರ್ 1ರಿಂದ ಕತ್ತಲೆ. ಮೊದಲ ತಿಂಗಳಲ್ಲಿ ಜರ್ಮನ್ ಬಾಂಬಿಗೆ ಅಲ್ಲಿ ಯಾರೂ ಸಾಯಲಿಲ್ಲ. ರಸ್ತೆ ಅಪಘಾತದಲ್ಲಿ ಸತ್ತವರು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಹತ್ತಿರಹತ್ತಿರ ಎರಡು ಪಟ್ಟು. ಫುಟ್‌ಪಾತಿನ ಅಂಚಿಗೆ, ಮರಗಳ ಬುಡಕ್ಕೆ ಸುಣ್ಣ ಬಳಿದರು. ಹಳ್ಳಿ ಕಡೆ ಒಬ್ಬ ರೈತ ತನ್ನ ಹಸುಗಳಿಗೂ ಬಿಳಿ ಪಟ್ಟೆ ಎಳೆದ. ನಮ್ಮ ಕೆಲವು ರಸ್ತೆಗಳ ಹಸುಗಳಿಗೆ ಯುದ್ಧ ಇಲ್ಲದೆಯೂ ಎಳೆಯಬಹುದು.

ಬೆಂಗಳೂರಿಗೂ ಆ ಯುದ್ಧಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಇದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರ ಸೇರಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ವಿಮಾನ ಕಾರ್ಖಾನೆ ಶುರು ಮಾಡಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆ ನಡೆಸತೊಡಗಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಈಗಿನ ಬೆಳ್ಳಂದೂರು ಕೆರೆ ನೋಡಿದವರು ನಂಬುವುದು ಕಷ್ಟ. ಅಂತೂ ಬೇರೆ ಊರುಗಳ ಮೇಲೆ ಹಾರಿದ ವಿಮಾನಗಳಿಗೆ ನಾವು ನಟ್ಟು ಬಿಗಿದು ಕಳಿಸಿದ್ದೇವೆ. ಇದನ್ನೂ ನೆನಪಿಟ್ಟುಕೊಳ್ಳಬೇಕು.

ಭಯ ನಮಗೆ ಹತ್ತಿರ ಬಂದದ್ದು ಮದ್ರಾಸಿನ ತನಕ. 1942ರ ಏಪ್ರಿಲ್ 5ರಂದು ಜಪಾನಿನವರು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ, ಕಾಕಿನಾಡ ಮೇಲೆ ಬಾಂಬ್ ಹಾಕಿದರು. ಮದ್ರಾಸು ಅರ್ಧಕ್ಕರ್ಧ ಖಾಲಿಯಾಯಿತು. ಸರ್ಕಾರಿ ಕಚೇರಿಗಳು ಒಳನಾಡಿನ ಊರುಗಳಿಗೆ ಗಂಟು ಕಟ್ಟಿದವು. ಮೃಗಾಲಯದ ಹುಲಿ, ಸಿಂಹಗಳನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಬಾಂಬ್ ಬಿದ್ದು ಬೋನು ಒಡೆದರೆ ಊರೊಳಗೆ ಬಂದುಬಿಟ್ಟಾವು ಅಂತ. ಲಂಡನ್ನಿನಲ್ಲೂ ಯುದ್ಧದ ಮೊದಲ ವಾರದಲ್ಲೇ ಲಕ್ಷಗಟ್ಟಲೆ ಸಾಕು ನಾಯಿ, ಬೆಕ್ಕುಗಳನ್ನು ಅವುಗಳ ಯಜಮಾನರೇ ಕೊಲ್ಲಿಸಿದ್ದರು. ಒಂದು ಬಾಂಬೂ ಬಿದ್ದಿರಲಿಲ್ಲ. ಮದ್ರಾಸಿಗೆ ಕೊನೆಗೂ ಬಾಂಬ್ ಬಂದದ್ದು 1943ರ ಅಕ್ಟೋಬರಿನಲ್ಲಿ. ಒಂದೇ ವಿಮಾನ, ಅಲ್ಪಸ್ವಲ್ಪ ಹಾನಿ. ಹುಲಿಗಳು ಸತ್ತು ಒಂದೂವರೆ ವರ್ಷ ಆಗಿತ್ತು.

ಆದರೆ ನಾನು ಜಾಸ್ತಿ ಯೋಚಿಸುವುದು ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರಿನ, ಆಗಿನ ರಾಜಧಾನಿ ರಂಗೂನಿನ ಬಗ್ಗೆ. ಆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು. ಬಂದರಿನ ಹಮಾಲರು, ರಿಕ್ಷಾ ಎಳೆಯುವವರು, ಬೀದಿ ಗುಡಿಸುವವರು, ಕಕ್ಕಸು ಎತ್ತುವವರು. ಬಹಳ ಮಂದಿ ಆಂಧ್ರದ ಕರಾವಳಿಯಿಂದ ಹೋದ ಬಡವರು. 1941ರ ಡಿಸೆಂಬರ್ 23ರ ಬೆಳಿಗ್ಗೆ ಜಪಾನಿನ ವಿಮಾನಗಳು ಬಂದಾಗ ಜನ ಬೀದಿಗೆ ಬಂದು ತಲೆ ಎತ್ತಿ ನೋಡುತ್ತಾ ನಿಂತರು. ಓಡಬೇಕು, ನೆಲಕ್ಕೆ ಅಂಟಿ ಮಲಗಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ನಿಂತಲ್ಲೇ ಸಾವಿರಕ್ಕೂ ಮೇಲೆ ಜನ ಸತ್ತರು.

ಉಳಿದವರು ಊರಿನ ದಾರಿ ಹಿಡಿದರು. ಆಗ ನೋಡಿ ಆಡಳಿತಕ್ಕೆ ಕಣ್ಣು ಬಿಟ್ಟದ್ದು. ಹಡಗಿನ ಸಾಮಾನು ಇಳಿಸುವವರಿಲ್ಲ. ಕಸ ಎತ್ತುವವರಿಲ್ಲ. ಹೆಣ ಹೊರುವವರಿಲ್ಲ. ಕಟ್ಟಡಗಳೆಲ್ಲ ಬಹುಮಟ್ಟಿಗೆ ನಿಂತೇ ಇದ್ದವು, ಆದರೆ ಊರು ನಾರತೊಡಗಿತು. ಆಮೇಲಿನ ತಿಂಗಳುಗಳಲ್ಲಿ ನಾಲ್ಕು ಲಕ್ಷಕ್ಕೂ ಮೇಲೆ ಜನ ಬರ್ಮಾ ಬಿಟ್ಟು ಭಾರತಕ್ಕೆ ಬಂದರು, ಬಹಳ ಮಂದಿ ಕಾಡುಬೆಟ್ಟ ಹತ್ತಿ ನಡೆದುಕೊಂಡೇ. ಸಾವಿರಾರು ಜನ ದಾರಿಯಲ್ಲೇ ಕಾಲರಾ, ಹಸಿವಿನಿಂದ ಸತ್ತರು. ಬರ್ಮಾದ ಅಕ್ಕಿಯೂ ನಿಂತಿತು. "ಬರ್ಮಾ ಅಕ್ಕಿ ನಿಂತ ವರ್ಷ" ಅಂತ ನಮ್ಮಜ್ಜಿ ಕಾಲ ಎಣಿಸುತ್ತಿದ್ದರು. ಯುದ್ಧ ಅವರಿಗೆ ತಲುಪಿದ್ದು ಅನ್ನದ ತಪ್ಪಲೆಯಲ್ಲಿ.

ಇಷ್ಟು ಓದಿದ ಮೇಲೆ ಬೆಳಿಗ್ಗೆ ಆರು ಗಂಟೆಗೆ ನಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕರನ್ನು ನಾನು ಬೇರೆ ಥರ ನೋಡುತ್ತೇನೆ. ನಾಗರಿಕ ರಕ್ಷಣೆಯ ಯೋಜನೆಯಲ್ಲಿ ಅವರ ಮಲಗುವ ಜಾಗಕ್ಕೆ ಒಂದು ಸಾಲು ಇರಬೇಕಲ್ವಾ? ಅವರ ಮಕ್ಕಳಿಗೆ?

ಟೋಕಿಯೊ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಜಾಸ್ತಿ ಹೇಳಲು ಆಗುವುದಿಲ್ಲ. ಅಲ್ಲಿ ಹತ್ತು ಹದಿನೈದು ಮನೆಗೊಂದು ನೆರೆಹೊರೆ ಸಂಘ. ಬೆಂಕಿ ಬಿದ್ದರೆ ಓಡಬಾರದು, ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ಹಾಕಬೇಕು ಅಂತ ಕಾನೂನು. ಶಿಸ್ತಿನ ಜನ, ಹೇಳಿದ್ದು ಕೇಳಿದರು. 1945ರ ಮಾರ್ಚ್ 9ರ ರಾತ್ರಿ ಅಮೆರಿಕದ ಬಿ-29 ವಿಮಾನಗಳು ಮರದ ಮನೆಗಳ ಮೇಲೆ ಸುರಿದ ಬೆಂಕಿಗೆ ಬಕೆಟ್ ಎಲ್ಲಿ ಸಾಕು? ತಲೆ ಕಾಪಾಡಲು ಕೊಟ್ಟಿದ್ದ ಹತ್ತಿಯ ಟೋಪಿಗಳಿಗೇ ಬೆಂಕಿ ಹತ್ತಿತು. ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ. ಓಡಿದವರಲ್ಲಿ ಕೆಲವರು ಬದುಕಿದರು.

ಕೊನೆಗೆ ನಮ್ಮ ಕಾಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಕರ್ನಾಟಕದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ತೀರಿಕೊಂಡ. ಅವನು ನೆಲಮಾಳಿಗೆಯಿಂದ ಆಚೆ ಬಂದಿದ್ದು ದಿನಸಿ ತರಲು. ನೆಲಮಾಳಿಗೆ ಎಷ್ಟೇ ಗಟ್ಟಿ ಇರಲಿ, ಅಲ್ಲಿ ಬ್ರೆಡ್ ಇಲ್ಲದಿದ್ದರೆ ಮನುಷ್ಯ ಹೊರಗೆ ಬರಲೇಬೇಕು. ಈಗ ಆ ಊರಿನ ಮಕ್ಕಳು ಮೆಟ್ರೋ ನಿಲ್ದಾಣದಲ್ಲಿ ಕಟ್ಟಿದ ತರಗತಿಗಳಲ್ಲಿ ಪಾಠ ಕಲಿಯುತ್ತಿದ್ದಾರೆ, 2023ರಿಂದ.

ಉಕ್ರೇನಿನವರು ಎರಡು ಗೋಡೆಯ ನಿಯಮ ಅನ್ನುತ್ತಾರೆ. ಆಶ್ರಯಕ್ಕೆ ಓಡಲು ಹೊತ್ತಿಲ್ಲದಿದ್ದರೆ, ನಿಮಗೂ ಬೀದಿಗೂ ನಡುವೆ ಎರಡು ಗೋಡೆ ಇರುವ ಕಡೆ ಕೂರಿ. ಮೊದಲ ಗೋಡೆ ಸ್ಫೋಟದ ಹೊಡೆತ ತಿನ್ನುತ್ತದೆ, ಎರಡನೆಯದು ಚೂರುಗಳನ್ನು ತಡೆಯುತ್ತದೆ. ಕಿಟಕಿ ಕಾಣಬಾರದು. ಗಾಜು ಬಹಳ ಕೆಟ್ಟದ್ದು. ರಿಂಗ್ ರೋಡಿನ ನಮ್ಮ ಗಾಜಿನ ಆಫೀಸುಗಳನ್ನು ನೋಡಿದಾಗ ನನಗೆ ಇದೇ ಯೋಚನೆ.

ಮನೆಗೆ ಹೋಗಿ ನಾನೂ ಹುಡುಕಿದೆ. ಎರಡು ಬೆಡ್‌ರೂಮಿನ ಮನೆ. ಹಾಲ್‌ಗೆ ದೊಡ್ಡ ಕಿಟಕಿ. ರೂಮುಗಳಿಗೆ ಕಿಟಕಿ. ಅಡುಗೆ ಮನೆಯಲ್ಲಿ ಸಿಲಿಂಡರ್. ಎರಡು ಗೋಡೆ ಸಿಕ್ಕಿದ್ದು ದೇವರ ಮನೆ ಪಕ್ಕದ ಪ್ಯಾಸೇಜಿನಲ್ಲಿ ಮಾತ್ರ, ಆರು ಅಡಿ ಉದ್ದ, ಮೂರು ಅಡಿ ಅಗಲ. ಅಲ್ಲಿ ವಾಷಿಂಗ್ ಮೆಷೀನ್ ಇದೆ. ನನ್ನ ಹೆಂಡತಿಗೆ ಹೇಳಿದೆ. ಅವಳು ನೋಡಿ, "ಇಲ್ಲಿ ನಾವಿಬ್ಬರೇ ಹಿಡಿಯಲ್ಲ. ಎದುರು ಮನೆಯವರನ್ನ ಏನ್ಮಾಡ್ತೀರಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾತು ಇಲ್ಲಿಗೆ ಮುಗಿಸಿದ್ದೆ. ಪ್ರಶ್ನೋತ್ತರದಲ್ಲಿ ಒಬ್ಬ ಯುವಕರು ಕ್ಷಿಪಣಿಗಳ ಬಗ್ಗೆ ಕೇಳಿದರು, ನನಗೆ ಅಷ್ಟು ತಿಳಿಯದು ಅಂದೆ. ಆಮೇಲೆ ಎರಡನೇ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದರು, ಚಾಮರಾಜಪೇಟೆಯವರು. 1971ರ ಡಿಸೆಂಬರಿನಲ್ಲಿ ಅವರಿಗೆ ಹನ್ನೊಂದು ವರ್ಷವಂತೆ. ಅಪ್ಪ ಸ್ಕೂಟರಿನ ಹೆಡ್‌ಲೈಟಿಗೆ ಮೇಲಿನ ಅರ್ಧ ಕಪ್ಪು ಬಳಿದದ್ದು, ಅಮ್ಮ ಮೈದಾ ಅಂಟು ಕಾಯಿಸಿ ರೂಮಿನ ಕಿಟಕಿಗೆಲ್ಲ ಕಪ್ಪು ಕಾಗದ ಹಚ್ಚಿದ್ದು ನೆನಪಿದೆ ಅಂದರು. ಯುದ್ಧ ಎರಡೇ ವಾರಕ್ಕೆ ಮುಗಿಯಿತಲ್ಲ, ಕಾಗದ ಯಾವಾಗ ತೆಗೆದರು ಅಂತ ಕೇಳಿದೆ.

"ಎಲ್ಲಿ ತೆಗೆದ್ರು ಸಾರ್," ಅಂದರು. "ನಮ್ಮಮ್ಮಂಗೆ ಮಧ್ಯಾಹ್ನ ನಿದ್ದೆಗೆ ಚೆನ್ನಾಗಿತ್ತು. ಮನೆಗೆ ಸುಣ್ಣ ಹೊಡೆಸೋ ತನಕ, ನಾಲ್ಕು ವರ್ಷ ಹಾಗೇ ಇತ್ತು."